ಮತ್ತೊಮ್ಮೆ ಸೆಲ್ಫ್ ಹೊಡೆಯುವ ಮುನ್ನ

ಬೆಳಗಾವಿಯಿಂದ ಧಾರವಾಡಕ್ಕೆ ಹೋಗುವ ಹೆದ್ದಾರಿ ಮಲಪ್ರಭೆಯನ್ನು ದಾಟುವಲ್ಲಿ ಎಂ.ಕೆ. ಹುಬ್ಬಳ್ಳಿ ಇದೆ. ಹೊಳೆಯಲ್ಲಿ ಗಂಗಾಂಬಿಕೆಯ ಐಕ್ಯ ಮಂಟಪ, ಊರಿನಲ್ಲಿ ಮಲಪ್ರಭಾ ಸಹಕಾರಿ ಸಕ್ಕರೆ ಕಾರ್ಖಾನೆ, ಸುತ್ತಮುತ್ತ ಕಬ್ಬಿನ ಹೊಲ. ಕಬ್ಬು ನುರಿಸುವ ಕಾಲ ಬಂತೆಂದರೆ ಈ ಭಾಗದಲ್ಲಿ ನಸುಕಿಗೇ ಒಂದು ಸದ್ದು ಶುರುವಾಗುತ್ತದೆ. ರಾತ್ರಿಯಿಡೀ ಇಬ್ಬನಿಯಲ್ಲಿ ನಿಂತ ಟ್ರ್ಯಾಕ್ಟರಿಗೆ ಸೆಲ್ಫ್ ಹೊಡೆಯುವ ಸದ್ದು ಅದು. ಮೊದಲು ಗಟ್ಟಿಯಾಗಿ, ಆಮೇಲೆ ಎಳೆದಂತೆ, ಕೊನೆಗೆ ನರಳಿದಂತೆ ಕೇಳಿಸುತ್ತದೆ. ನಡುವೆ ಒಂದು ಮಾತು: ‘ಗಾಡಿ ಚಾಲೂ ಆಗವಲ್ದು.’ ಆ ಮಾತಾದ ಮೇಲೂ ಕೈ ಮಾತ್ರ ಕೀಲಿಯನ್ನು ಬಿಡುವುದಿಲ್ಲ. ಆ ಕೈಯ ಬಗ್ಗೆಯೇ ಇವತ್ತು ಮಾತಾಡಬೇಕೆಂದಿದ್ದೇನೆ. ಎಂಜಿನ್ ಚಾಲೂ ಆಗದಿದ್ದಾಗ ಮತ್ತೆ ಮತ್ತೆ ಸೆಲ್ಫ್ ಹೊಡೆಯುವುದನ್ನು ನಾವು ಪ್ರಯತ್ನವೆಂದು ತಿಳಿದಿದ್ದೇವೆ. ಅದರಿಂದ ಹಾನಿಯೇ ಹೆಚ್ಚು ಎಂಬುದು ನನ್ನ ವಾದ. ಚಾಲೂ ಆಗಲು ಎಂಜಿನ್ನಿಗೆ ಏನೇನು ಬೇಕೋ ಅದೆಲ್ಲವನ್ನೂ ಆ ಹೊಡೆತ ಒಂದೊಂದಾಗಿ ಕಸಿದುಕೊಳ್ಳುತ್ತದೆ. ಜೊತೆಗೆ ದೋಷ ಎಲ್ಲಿದೆ ಎಂದು ತೋರಿಸುವ ಗುರುತುಗಳನ್ನೂ ಅಳಿಸಿಹಾಕುತ್ತದೆ.

ಇದಕ್ಕೆ ಅತ್ಯಂತ ಸ್ಪಷ್ಟವಾದ ಸಾಕ್ಷಿ ನಮ್ಮ ರಸ್ತೆಗಳಲ್ಲಿ ಕಾಣಸಿಗದ ಒಂದು ಎಂಜಿನ್ನು. ಅದಕ್ಕೆ ರೋಟರಿ ಎಂಜಿನ್ ಎನ್ನುತ್ತಾರೆ. ಅದನ್ನು ಕಲ್ಪಿಸಿದವನ ಹೆಸರಿನಿಂದ ವಾಂಕೆಲ್ ಎಂಜಿನ್ ಎಂದೂ ಕರೆಯುತ್ತಾರೆ. ಜರ್ಮನಿಯ ಫೆಲಿಕ್ಸ್ ವಾಂಕೆಲ್ ಎನ್‌ಎಸ್‌ಯು ಕಂಪನಿಯ ಜೊತೆ ದುಡಿದು 1957ರಲ್ಲಿ ಇದರ ಮೊದಲ ಮಾದರಿಯನ್ನು ಓಡಿಸಿದ. 1967ರಲ್ಲಿ ಎನ್‌ಎಸ್‌ಯು ಕಂಪನಿಯ ಆರ್‌ಒ 80 ಮತ್ತು ಜಪಾನಿನ ಹಿರೋಶಿಮಾದ ಮಾಜ್ದಾ ಕಂಪನಿಯ ಕಾಸ್ಮೊ ಸ್ಪೋರ್ಟ್ ಎಂಬ ಕಾರುಗಳು ಈ ಎಂಜಿನ್ ಹೊತ್ತು ಬಂದವು. 1978ರಿಂದ ಮಾಜ್ದಾ ತಯಾರಿಸಿದ ಆರ್‌ಎಕ್ಸ್-7, 2003ರಲ್ಲಿ ಬಂದ ಆರ್‌ಎಕ್ಸ್-8 ಇದೇ ಬಳಗದವು. 1991ರಲ್ಲಿ ಫ್ರಾನ್ಸಿನ ಲೆ ಮಾನ್ಸ್‌ನ 24 ಗಂಟೆಗಳ ಓಟವನ್ನು ಗೆದ್ದ ಮಾಜ್ದಾ ಕಾರಿನಲ್ಲಿದ್ದದ್ದೂ ರೋಟರಿ ಎಂಜಿನ್ನೇ. ಕರ್ನಾಟಕಕ್ಕೂ ಇದರ ನಂಟುಂಟು. ನಮ್ಮ ದೇಶದ ‘ನಿಶಾಂತ್’ ಎಂಬ ಚಾಲಕರಹಿತ ವಿಮಾನಕ್ಕಾಗಿ ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ ಮತ್ತು ವೈಮಾನಿಕ ಅಭಿವೃದ್ಧಿ ಸಂಸ್ಥೆಗಳು, ಅಹಮದನಗರದ ವಾಹನ ಸಂಶೋಧನಾ ಸಂಸ್ಥೆಯ ಜೊತೆ ಸೇರಿ, ದೇಶದೊಳಗೇ ಒಂದು ವಾಂಕೆಲ್ ಎಂಜಿನ್ ರೂಪಿಸಿದವು. 2009ರ ಏಪ್ರಿಲ್‌ನಲ್ಲಿ ಅದನ್ನು ಹೊತ್ತ ವಿಮಾನ ಕೋಲಾರದ ಬಳಿ ಹಾರಿತು. ಹೀಗಾಗಿ ಇದನ್ನು ತೀರಾ ಪರದೇಶದ ಕಥೆಯೆಂದು ಬದಿಗಿಡಬೇಕಾಗಿಲ್ಲ.

ಈ ಎಂಜಿನ್ನಿನಲ್ಲಿ ಮೇಲೆ ಕೆಳಗೆ ಓಡಾಡುವ ಪಿಸ್ಟನ್ ಇಲ್ಲ, ವಾಲ್ವ್ ಇಲ್ಲ. ಎರಡು ಕಾಳಿನ ಶೇಂಗಾಕಾಯಿಯನ್ನು ಉದ್ದಕ್ಕೆ ಸೀಳಿದರೆ ನಡು ಸ್ವಲ್ಪ ಒಳಸರಿದ ಒಂದು ಆಕಾರ ಕಾಣುತ್ತದಲ್ಲ, ಹೆಚ್ಚುಕಡಿಮೆ ಆ ಆಕಾರದ ಒಂದು ಪೊಳ್ಳು ಮನೆ. ಅದರೊಳಗೆ ಬದಿಗಳು ಉಬ್ಬಿದ ತ್ರಿಕೋನದಂಥ ಒಂದು ರೋಟರ್ ಸುತ್ತುತ್ತದೆ. ರೋಟರಿನ ಮೂರೂ ಮೂಲೆಗಳು ಮನೆಯ ಗೋಡೆಯನ್ನು ಯಾವಾಗಲೂ ಸವರುತ್ತಲೇ ಇರುತ್ತವೆ. ಹಾಗಾಗಿ ಗೋಡೆಗೂ ರೋಟರಿಗೂ ನಡುವೆ ಮೂರು ಕೋಣೆಗಳು ಉಂಟಾಗುತ್ತವೆ. ಒಂದರಲ್ಲಿ ಗಾಳಿ, ಪೆಟ್ರೋಲು ಒಳಬರುವಾಗ ಇನ್ನೊಂದರಲ್ಲಿ ಅದು ಒತ್ತಲ್ಪಡುತ್ತಿರುತ್ತದೆ, ಮತ್ತೊಂದರಲ್ಲಿ ಉರಿದು ಹೊರಗೆ ಹೋಗುತ್ತಿರುತ್ತದೆ. ಒಂದು ಕೋಣೆಯ ಒತ್ತಡ ಪಕ್ಕದ ಕೋಣೆಗೆ ಸೋರದಂತೆ ತಡೆಯುವುದು ರೋಟರಿನ ಪ್ರತಿ ಮೂಲೆಯಲ್ಲಿ ಕೂಡಿಸಿದ ತೆಳ್ಳನೆಯ ಒಂದು ಪಟ್ಟಿ. ಅದನ್ನು ಮೂಲೆಪಟ್ಟಿ ಎಂದು ಕರೆಯೋಣ. ನಮ್ಮ ಎಂಜಿನ್ನಿನ ರಿಂಗ್ ಮಾಡುವ ಕೆಲಸವನ್ನು ಇಲ್ಲಿ ಅದು ಮಾಡುತ್ತದೆ. ಆದರೆ ರಿಂಗಿನ ಹಾಗೆ ಅಗಲವಾಗಿ ತಬ್ಬಿಕೊಳ್ಳದೆ ಒಂದು ಗೆರೆಯಷ್ಟೇ ಜಾಗದಲ್ಲಿ ಗೋಡೆಯನ್ನು ಮುಟ್ಟುತ್ತದೆ. ಮಾಜ್ದಾದ ಎಂಜಿನಿಯರುಗಳು ಮೊದಮೊದಲು ಪಟ್ಟ ಪಾಡೆಲ್ಲ ಈ ಪಟ್ಟಿಯದೇ. ಅದು ಅದುರಿ ಗೋಡೆಯ ಮೇಲೆ ಅಲೆಯಲೆಯಾಗಿ ಗೀರು ಮೂಡಿಸುತ್ತಿತ್ತು. ಆ ಗೀರುಗಳಿಗೆ ಅವರು ‘ದೆವ್ವದ ಉಗುರಿನ ಗುರುತು’ ಎಂದೇ ಹೆಸರಿಟ್ಟಿದ್ದರು. ಕೆನಿಚಿ ಯಮಾಮೊಟೊ ಮುಂದಾಳಾಗಿದ್ದ ತಂಡ ಕಾರ್ಬನ್ನಿನ ಪಟ್ಟಿಯನ್ನು ರೂಪಿಸಿದ ಮೇಲೆಯೇ ಕಾಸ್ಮೊ ಮಾರಾಟಕ್ಕೆ ಬಂದದ್ದು.

ಇನ್ನು ಹಳೆಯ ರೋಟರಿ ಕಾರು ಚಾಲೂ ಆಗದೆ ಹೋಗುವ ಬಗೆಯನ್ನು ನೋಡಿ. ನಿನ್ನೆ ಕಾರನ್ನು ಶೆಡ್ಡಿನಿಂದ ಹೊರಗೆ ತಂದು ನಾಲ್ಕು ಮಾರು ಸರಿಸಿ, ಎಂಜಿನ್ ಕಾಯುವ ಮೊದಲೇ ಬಂದ್ ಮಾಡಿರುತ್ತಾರೆ. ತಣ್ಣಗಿನ ಎಂಜಿನ್ನಿಗೆ ಪೆಟ್ರೋಲು ಹೆಚ್ಚು ಬೇಕು. ಆ ಹೆಚ್ಚಿನದರಲ್ಲಿ ಒಂದಿಷ್ಟು ಉರಿಯದೆ ಒಳಗೇ ಉಳಿದಿರುತ್ತದೆ. ಪಿಸ್ಟನ್ ಎಂಜಿನ್ನಿನಲ್ಲಾದರೆ ಅದು ರಿಂಗ್ ದಾಟಿ ಕೆಳಗೆ ಸಂಪಿಗೆ ಇಳಿದುಹೋಗಬಹುದು. ಇಲ್ಲಿ ಅಂಥ ಸಲೀಸು ದಾರಿಯಿಲ್ಲ. ಮರುದಿನ ಸೆಲ್ಫ್ ಹೊಡೆದಾಗ ಹೊಸ ಪೆಟ್ರೋಲು ಬಂದು ಸೇರುತ್ತದೆ, ಪ್ಲಗ್ ನೆನೆಯುತ್ತದೆ. ನಮ್ಮ ಮಿಸ್ತ್ರಿಗಳ ಮಾತಿನಲ್ಲಿ ‘ಓವರ್ ಆಗುತ್ತದೆ.’ ಇಷ್ಟೇ ಆಗಿದ್ದರೆ ಅದು ಅಂಬಾಸಿಡರ್, ಪದ್ಮಿನಿ ಕಾರುಗಳಿಗೂ ಮೈಸೂರಿನ ಜಾವಾ ಮೋಟರ್‌ಸೈಕಲ್ಲಿಗೂ ಬರುತ್ತಿದ್ದ ಪರಿಚಿತ ತೊಂದರೆ ಎನ್ನಬಹುದಿತ್ತು. ರೋಟರಿಯಲ್ಲಿ ಅದು ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತದೆ. ಪೆಟ್ರೋಲು ಗೋಡೆಯ ಮೇಲಿನ ಎಣ್ಣೆಯ ಪೊರೆಯನ್ನು ತೊಳೆದುಬಿಡುತ್ತದೆ. ಎಂಜಿನ್ ಜೋರಾಗಿ ತಿರುಗುವಾಗ ಮೂಲೆಪಟ್ಟಿಯನ್ನು ಗೋಡೆಗೆ ಒತ್ತಿ ಹಿಡಿಯಲು ತಿರುಗುವ ಬಲವೂ ಉರಿಯುವ ಅನಿಲದ ಒತ್ತಡವೂ ಇರುತ್ತವೆ. ಸೆಲ್ಫಿನ ನಿಧಾನ ಸುತ್ತಿನಲ್ಲಿ ಅದಕ್ಕಿರುವ ಆಸರೆ ಹಿಂದಿನ ಒಂದು ಸಣ್ಣ ಸ್ಪ್ರಿಂಗು ಮತ್ತು ಆ ಎಣ್ಣೆಯ ಪೊರೆ, ಎರಡೇ. ಪೊರೆ ಹೋಯಿತೆಂದರೆ ಒತ್ತಡ ಸೋರುತ್ತದೆ. ಒತ್ತಡವಿಲ್ಲದಿದ್ದರೆ ಬೆಂಕಿ ಹಿಡಿಯುವುದಿಲ್ಲ. ಬೆಂಕಿ ಹಿಡಿಯಲಿಲ್ಲವೆಂದು ಮಾಲೀಕ ಮತ್ತೆ ಕೀಲಿ ತಿರುವುತ್ತಾನೆ, ಇನ್ನಷ್ಟು ಪೆಟ್ರೋಲು ಬರುತ್ತದೆ, ಉಳಿದ ಎಣ್ಣೆಯೂ ತೊಳೆದುಹೋಗುತ್ತದೆ. ಮೂರನೆಯ ಸಲಕ್ಕೆ ಕಿವಿಗೇ ವ್ಯತ್ಯಾಸ ತಿಳಿಯುತ್ತದೆ. ‘ಧಕ್ ಧಕ್ ಧಕ್’ ಎಂದು ತಡೆದು ತಡೆದು ತಿರುಗುತ್ತಿದ್ದ ಎಂಜಿನ್ನು ಫ್ಯಾನಿನಂತೆ ‘ಸರ್ರ್’ ಎಂದು ತಡೆಯೇ ಇಲ್ಲದೆ ತಿರುಗುತ್ತದೆ. ಹಗುರಾಗಿ ತಿರುಗುತ್ತಿದೆ, ಇನ್ನೇನು ಹತ್ತಿಕೊಂಡೀತು ಎಂದು ಆಸೆ ಹುಟ್ಟಿಸುವ ಆ ಸದ್ದು ಒತ್ತಡ ಪೂರ್ತಿ ಸೋರಿದೆ ಎಂಬುದರ ಗುರುತು.

ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ಮೊದಲ ಸಲ ಕೀಲಿ ತಿರುವುವಾಗ ಆ ಎಂಜಿನ್ನಿನಲ್ಲಿ ಇದ್ದ ದೋಷ ಸಣ್ಣದು: ಸ್ವಲ್ಪ ಹೆಚ್ಚಾದ ಪೆಟ್ರೋಲು, ನೆನೆದ ಪ್ಲಗ್ಗು. ಹತ್ತನೆಯ ಸಲದ ಹೊತ್ತಿಗೆ ದೋಷಗಳು ಮೂರಾಗಿರುತ್ತವೆ. ಒತ್ತಡ ಹೋಗಿದೆ, ಪ್ಲಗ್ ಸತ್ತಿದೆ, ಬ್ಯಾಟರಿ ಇಳಿದಿದೆ. ಮೊದಲಿನ ಸಣ್ಣ ದೋಷ ಬಂದದ್ದು ಬಳಕೆಯಿಂದ, ಈ ಮೂರನ್ನು ಮಾಡಿದ್ದು ಕೈ. ಆಮೇಲೆ ಬರುವ ಮಿಸ್ತ್ರಿಗೆ ಸಿಗುವುದು ಮೂರು ದೋಷಗಳ ಕಲಸುಮೇಲೋಗರ. ಮೂಲ ಯಾವುದು, ಆಮೇಲಿನದು ಯಾವುದು ಎಂದು ಅವನು ಹೇಗೆ ಹೇಳಬೇಕು? ಒತ್ತಡ ಅಳೆದು ನೋಡಿ ‘ಎಂಜಿನ್ ಹೋಯಿತು, ಬಿಚ್ಚಬೇಕು’ ಎಂದರೆ ಅವನನ್ನು ದೂರುವಂತಿಲ್ಲ. ಹೀಗೆ ಪೆಟ್ರೋಲಿನಲ್ಲಿ ಮುಳುಗಿದ ರೋಟರಿ ಎಂಜಿನ್ನು ನಿಜವಾಗಿಯೂ ಸವೆದ ಎಂಜಿನ್ನಿನಂತೆಯೇ ಅಳತೆ ತೋರಿಸುತ್ತದೆ. ಚೆನ್ನಾಗಿರುವ ಎಂಜಿನ್ನು ಬೆಳಿಗ್ಗೆ ಸತ್ತಂತೆ ಕಂಡು ಸಂಜೆ ಸರಿಯಾಗಿ ಓಡಬಲ್ಲದು ಎಂಬುದು ತಿಳಿಯದೆ ಅದನ್ನು ಬಿಚ್ಚಿದರೆ ಸಾವಿರಗಟ್ಟಲೆ ರೂಪಾಯಿ ಸುಮ್ಮನೆ ಹೋಗುತ್ತದೆ.

ಸರಿಪಡಿಸುವ ದಾರಿಯೂ ಈ ವಾದಕ್ಕೇ ಸಾಕ್ಷಿ. ಮೊದಲ ಕೆಲಸ, ಪೆಟ್ರೋಲು ಬರುವುದನ್ನು ನಿಲ್ಲಿಸುವುದು. ಇಂಜೆಕ್ಟರ್ ಇರುವ ಕಾರಿನಲ್ಲಿ ಅದರ ಫ್ಯೂಸ್ ಕಿತ್ತರೆ ಸಾಕು. ಆಮೇಲೆ ಪ್ಲಗ್ ಬಿಚ್ಚಬೇಕು. ಪ್ರತಿ ರೋಟರಿಗೆ ಮುಂದಿನದು, ಹಿಂದಿನದು ಎಂದು ಎರಡೆರಡು ಪ್ಲಗ್ ಇರುತ್ತವೆ. ವೈರುಗಳು ಅದಲುಬದಲಾಗದಂತೆ ಗುರುತು ಮಾಡಿಕೊಳ್ಳಬೇಕು. ಪ್ಲಗ್ಗನ್ನು ಅಂಗೈ ಮೇಲಿಟ್ಟು ನೋಡಿ. ತುದಿ ಒಣಗಿದ್ದು ತಿಳಿ ಕಂದು ಬಣ್ಣಕ್ಕಿದ್ದರೆ ಪೆಟ್ರೋಲೇ ಬರುತ್ತಿಲ್ಲ. ಹಸಿಯಾಗಿ ಹೊಳೆಯುತ್ತ, ಬೆರಳಿಗೆ ತಣ್ಣಗೆ ತಾಗಿ, ಮೂಗಿಗೆ ಪೆಟ್ರೋಲು ರಪ್ಪನೆ ಹೊಡೆದರೆ ಮುಳುಗಿದೆ. ಹಸಿಯಿದ್ದೂ ಜಿಗುಟಾಗಿ ಕಪ್ಪಗಿದ್ದರೆ ಎಣ್ಣೆ ಸೇರಿದೆ. ಒಂದು ಪ್ಲಗ್ಗು ಇಷ್ಟು ಹೇಳುತ್ತದೆ, ಆದರೆ ಮೊದಲ ಒಂದೆರಡು ಹೊಡೆತದ ನಂತರ ಬಿಚ್ಚಿ ನೋಡಿದವರಿಗೆ ಮಾತ್ರ. ಇಪ್ಪತ್ತು ಹೊಡೆತದ ನಂತರ ಎಲ್ಲ ಪ್ಲಗ್ಗುಗಳೂ ಹಸಿಯಾಗಿಯೇ ಬರುತ್ತವೆ. ಪ್ಲಗ್ ಬಿಚ್ಚಿದ ಮೇಲೆ ಹತ್ತಿರ ಬೀಡಿ, ಬೆಂಕಿ ಇಲ್ಲದಂತೆ ನೋಡಿಕೊಂಡು ಚಿಕ್ಕ ಚಿಕ್ಕದಾಗಿ ಸೆಲ್ಫ್ ಹೊಡೆದರೆ ಒಳಗಿನ ಪೆಟ್ರೋಲು ತೂತಿನಿಂದ ಹೊರಗೆ ಸಿಡಿಯುತ್ತದೆ. ಅದೆಲ್ಲ ಹೋದ ಮೇಲೆ ಪ್ರತಿ ಮನೆಯೊಳಗೆ ಒಂದು ಚಹದ ಚಮಚೆಯಷ್ಟು ಎಂಜಿನ್ ಎಣ್ಣೆ ಬಿಟ್ಟು ಎರಡು ಸುತ್ತು ತಿರುಗಿಸಬೇಕು. ಗೋಡೆಗೆ ಪೊರೆ ಮರಳಿ ಬರುತ್ತದೆ, ಸದ್ದಿನಲ್ಲಿ ‘ಧಕ್ ಧಕ್’ ಮರಳಿ ಬರುತ್ತದೆ. ಒಣಗಿದ ಪ್ಲಗ್ಗು, ತುಂಬಿದ ಬ್ಯಾಟರಿ, ಫ್ಯೂಸ್ ಹಾಕಿ ಒಂದು ಹೊಡೆತ. ಎಂಜಿನ್ ಹತ್ತಿಕೊಂಡು ನಾಲ್ಕಾರು ನಿಮಿಷ ದಟ್ಟ ಹೊಗೆ ಕಾರಿ ಆಮೇಲೆ ಶಾಂತವಾಗುತ್ತದೆ. ಇದರಲ್ಲಿ ಹೊಸ ಭಾಗ ಒಂದೂ ಬೇಕಾಗಲಿಲ್ಲ.

ಹೀಗೆ ಮಾಡಿಯೂ ಹತ್ತಿಕೊಳ್ಳದಿದ್ದರೆ ಮಾತ್ರ ಒತ್ತಡ ಅಳೆಯುವ ಪ್ರಶ್ನೆ ಬರುತ್ತದೆ. ಅಲ್ಲಿಯೂ ಆತುರದವರು ಮೋಸಹೋಗುತ್ತಾರೆ. ಗ್ಯಾರೇಜುಗಳಲ್ಲಿರುವ ಸಾಮಾನ್ಯ ಗೇಜು ಅತಿ ಹೆಚ್ಚಿನ ಒತ್ತಡವನ್ನು ಹಿಡಿದು ನಿಲ್ಲಿಸುತ್ತದೆ. ಒಂದೇ ತೂತಿನೆದುರು ಮೂರು ಮುಖಗಳು ಹಾದುಹೋಗುವ ರೋಟರಿಯಲ್ಲಿ ಒಂದು ಮುಖ ಚೆನ್ನಾಗಿದ್ದರೆ ಸಾಕು, ಮುಳ್ಳು ಮೇಲೆಯೇ ನಿಂತು ಉಳಿದೆರಡರ ಸೋರಿಕೆಯನ್ನು ಮುಚ್ಚಿಡುತ್ತದೆ. ಆದ್ದರಿಂದ ಗೇಜಿನ ತಡೆವಾಲ್ವ್ ತೆಗೆದು ಮುಳ್ಳು ಜಿಗಿಯುವುದನ್ನೇ ನೋಡಬೇಕು. ಮೂರು ಜಿಗಿತ ಒಂದೇ ಸಮ ಇದ್ದರೆ ಸರಿ. ಒಂದು ಎತ್ತರ, ಎರಡು ಗಿಡ್ಡ ಎಂಬ ಕುಂಟು ನಡೆ ಕಂಡರೆ ಮೂಲೆಪಟ್ಟಿ ಕೆಟ್ಟಿದೆ. ಬ್ಯಾಟರಿ ಇಳಿದಿದ್ದರೆ ಎಲ್ಲ ಜಿಗಿತಗಳೂ ಗಿಡ್ಡವಾಗುತ್ತವೆ. ಅದಕ್ಕೇ ಮಾಜ್ದಾ ಈ ಅಳತೆಯನ್ನು ನಿಮಿಷಕ್ಕೆ 250 ಸುತ್ತಿನ ಲೆಕ್ಕದಲ್ಲಿ ಕೊಡುತ್ತದೆ. ಅಂದರೆ ಎಂಜಿನ್ನಿನ ಮೇಲೆ ತೀರ್ಪು ಕೊಡುವ ಮೊದಲು ಬ್ಯಾಟರಿಯನ್ನು ಉಳಿಸಿಕೊಂಡಿರಬೇಕು, ಮತ್ತು ಅದನ್ನು ಖಾಲಿ ಮಾಡುವುದು ಆ ಹತ್ತು ಹೊಡೆತಗಳೇ.

ಇದನ್ನೆಲ್ಲ ಕೇಳಿದವರು ಒಂದು ಆಕ್ಷೇಪ ಎತ್ತಬಹುದು, ಎತ್ತಲೇಬೇಕು: ಇದು ಪೆಟ್ರೋಲಿನ ವಿಚಿತ್ರ ಎಂಜಿನ್ನಿನ ಮಾತಾಯಿತು, ನಮ್ಮ ಟ್ರ್ಯಾಕ್ಟರಿಗೂ ಹೊಳೆದಂಡೆಯ ಪಂಪ್‌ಸೆಟ್ಟಿಗೂ ಇದು ಹೇಗೆ ಅನ್ವಯಿಸೀತು? ಅವು ಡೀಸೆಲ್ ಎಂಜಿನ್ನುಗಳು, ಅಲ್ಲಿ ಪ್ಲಗ್ಗಿನ ಕಿಡಿಯೇ ಇಲ್ಲ. ನಿಜ. ಕಿಡಿ ಇಲ್ಲದಿರುವುದರಿಂದಲೇ ಡೀಸೆಲ್ಲಿಗೆ ಈ ಮಾತು ಇನ್ನೂ ಬಿಗಿಯಾಗಿ ಅನ್ವಯಿಸುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಬೆಂಕಿ ಹುಟ್ಟುವುದು ಗಾಳಿಯನ್ನು ಹದಿನಾರು ಹದಿನೆಂಟು ಪಟ್ಟು ಒತ್ತಿದಾಗ ಏಳುವ ಕಾವಿನಿಂದ. ಡೀಸೆಲ್ ತಾನಾಗಿ ಹತ್ತಿಕೊಳ್ಳಲು 200 ಡಿಗ್ರಿಗೂ ಮಿಕ್ಕಿದ ಕಾವು ಬೇಕು. ಎಂಜಿನ್ ಚುರುಕಾಗಿ ತಿರುಗಿದರೆ ಆ ಕಾವು ಸಲೀಸಾಗಿ ಹುಟ್ಟುತ್ತದೆ. ನಿಧಾನ ತಿರುಗಿದರೆ ಒತ್ತಿದ ಗಾಳಿ ರಿಂಗ್ ಸಂದಿಯಿಂದ ಸೋರಲು, ಕಾವು ತಣ್ಣಗಿನ ಕಬ್ಬಿಣಕ್ಕೆ ಇಳಿಯಲು ಸಮಯ ಸಿಕ್ಕಿಬಿಡುತ್ತದೆ. ಡಿಸೆಂಬರಿನ ನಸುಕಿನಲ್ಲಿ ಕಬ್ಬಿಣವೂ ತಣ್ಣಗೆ, ಎಣ್ಣೆಯೂ ದಪ್ಪ, ಬ್ಯಾಟರಿಯ ಕಸುವೂ ಕಡಿಮೆ. ಅಂಥ ಹೊತ್ತಿನಲ್ಲಿ ನೂರಾರು ಆಂಪಿಯರ್ ಎಳೆಯುವ ಸೆಲ್ಫನ್ನು ಬಿಡುವಿಲ್ಲದೆ ಹೊಡೆದರೆ ಪ್ರತಿ ಹೊಡೆತ ಹಿಂದಿನದಕ್ಕಿಂತ ನಿಧಾನವಾಗಿ, ಪ್ರತಿ ಸಲ ಕಾವು ಹಿಂದಿನದಕ್ಕಿಂತ ಕಡಿಮೆಯಾಗಿ ಹುಟ್ಟುತ್ತದೆ. ಉರಿಯದ ಡೀಸೆಲ್ ಸಿಲಿಂಡರಿನ ಗೋಡೆಯ ಎಣ್ಣೆಯನ್ನೂ ತೊಳೆಯುತ್ತದೆ. ಹಿರೋಶಿಮಾದ ಎಂಜಿನ್ನಿನಲ್ಲಿ ನಡೆದ ಅದೇ ವಿಷವರ್ತುಲ ಇಲ್ಲಿ ಇನ್ನೊಂದು ವೇಷದಲ್ಲಿ ನಡೆಯುತ್ತದೆ. ಹಳೆಯ ಒಂದು ಸಿಲಿಂಡರಿನ ಪಂಪ್‌ಸೆಟ್ಟಿಗೆ ಹ್ಯಾಂಡಲ್ ಹೊಡೆಯುವ ಮುನ್ನ ಸ್ವಲ್ಪ ಎಣ್ಣೆ ಬಿಟ್ಟು ನಾಲ್ಕು ಸುತ್ತು ತಿರುಗಿಸಿ ಆಮೇಲೆ ಒತ್ತಡ ತಡೆಹಿಡಿದ ಲಿವರ್ ಬಿಡುವ ರೂಢಿ ಇದೆಯಲ್ಲ, ಅದೂ ರೋಟರಿಯ ಮನೆಗೆ ಬಿಡುವ ಒಂದು ಚಮಚೆ ಎಣ್ಣೆಯೂ ಒಂದೇ ತಿಳಿವಿನ ಎರಡು ರೂಪ. ಎಣ್ಣೆಯೂ ಒತ್ತಡ ಹಿಡಿಯುವ ಒಂದು ಭಾಗವೇ ಎಂಬುದು ಎರಡೂ ಕಡೆಯವರಿಗೆ ಗೊತ್ತು. ಎಣ್ಣೆ ಹೆಚ್ಚಾಗಬಾರದು ಅಷ್ಟೆ. ಒತ್ತಲಾಗದ ದ್ರವ ಪಿಸ್ಟನ್ ಮೇಲೆ ತುಂಬಿಕೊಂಡರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ.

ಇನ್ನೊಂದು ಹೋಲಿಕೆ ನನಗೆ ಇದಕ್ಕಿಂತ ಮುಖ್ಯವಾಗಿ ಕಾಣುತ್ತದೆ. ರೋಟರಿ ಕಾರಿನ ತೊಂದರೆ ಹಿಂದಿನ ದಿನದ ನಾಲ್ಕು ಮಾರಿನ ಓಟದಲ್ಲಿ ಹುಟ್ಟಿತು ಎಂದೆನಲ್ಲ, ಕಾರ್ಖಾನೆಯ ಪಾಳಿಯಲ್ಲಿ ನಿಂತ ಟ್ರ್ಯಾಕ್ಟರನ್ನು ಆ ದೃಷ್ಟಿಯಿಂದ ನೋಡಿ. ಮುಂದಿನ ಗಾಡಿ ಸರಿದಾಗ ಸೆಲ್ಫ್ ಹೊಡೆದು ಹತ್ತು ಮಾರು ಸರಿಯುವುದು, ಡೀಸೆಲ್ ಉಳಿಸಲು ಬಂದ್ ಮಾಡುವುದು, ಅರ್ಧ ಗಂಟೆಗೆ ಮತ್ತೆ ಸೆಲ್ಫ್. ಒಂದು ಸಲ ಚಾಲೂ ಮಾಡಲು ಬ್ಯಾಟರಿಯಿಂದ ಹೋದದ್ದನ್ನು ಆಲ್ಟರ್ನೇಟರ್ ಮರಳಿ ತುಂಬಲು ಎಂಜಿನ್ ಕೆಲವು ನಿಮಿಷವಾದರೂ ಒಳ್ಳೆಯ ವೇಗದಲ್ಲಿ ಓಡಬೇಕು. ಹತ್ತು ಮಾರಿನ ಓಟದಲ್ಲಿ ಅದು ಆಗುವುದಿಲ್ಲ. ಜೊತೆಗೆ ರಾತ್ರಿ ಟೇಪು, ಲೈಟು. ಹೀಗೆ ಇಡೀ ರಾತ್ರಿ ಖರ್ಚು ಮಾತ್ರ ನಡೆದು ಜಮಾ ಇಲ್ಲದೆ ಬೆಳಗಾಗುತ್ತದೆ. ಬೆಳಿಗ್ಗೆ ಗಾಡಿ ಮುನಿಸಿಕೊಂಡರೆ ‘ನಿನ್ನೆಯವರೆಗೂ ಚಲೋ ಇತ್ತು’ ಎನ್ನುತ್ತೇವೆ. ನಿನ್ನೆ ಅದು ಎಷ್ಟು ಸಲ ಹತ್ತಿತು, ಎಷ್ಟು ಓಡಿತು ಎಂದು ಕೇಳಿಕೊಂಡರೆ ಅರ್ಧ ಉತ್ತರ ಅಲ್ಲೇ ಇರುತ್ತದೆ. ಮೀಟರ್ ಇದ್ದರೆ ಇನ್ನೂ ಸುಲಭ: ಸುಮ್ಮನಿದ್ದಾಗ 12.6 ವೋಲ್ಟ್ ತೋರಿಸಿದರೆ ಬ್ಯಾಟರಿ ತುಂಬಿದೆ, 12ರ ಆಸುಪಾಸಿನಲ್ಲಿದ್ದರೆ ಬರಿದಾಗುತ್ತ ಬಂದಿದೆ, ಸೆಲ್ಫ್ ಹೊಡೆಯುವಾಗ ಒಂಬತ್ತೂವರೆಗಿಂತ ಕೆಳಗೆ ಕುಸಿದರೆ ಆ ಬ್ಯಾಟರಿಯನ್ನು ನೆಚ್ಚುವಂತಿಲ್ಲ. ಬ್ಯಾಟರಿ ತುಂಬಿದ್ದೂ ಸೆಲ್ಫ್ ನರಳಿದರೆ ಟರ್ಮಿನಲ್ ಮೇಲೆ ಬಿಳಿ ಹಸಿರು ಪುಡಿ ಕಟ್ಟಿದೆಯೇ ನೋಡಿ, ಗಾಡಿಯ ಮೈಗೆ ಹೋಗುವ ಅರ್ಥ್ ತಂತಿ ಮುಟ್ಟಿ ನೋಡಿ. ಬಿಸಿಯಾಗಿದ್ದರೆ ಕರೆಂಟು ಅಲ್ಲೇ ಸೋಲುತ್ತಿದೆ.

‘ಸುಗ್ಗಿಯಲ್ಲಿ ಇಷ್ಟೆಲ್ಲ ನೋಡುತ್ತ ಕೂರಲು ಪುರಸೊತ್ತು ಎಲ್ಲಿ? ಕಡಿದ ಕಬ್ಬು ಒಣಗುತ್ತದೆ, ಪಾಳಿ ತಪ್ಪುತ್ತದೆ’ ಎಂಬುದು ಎರಡನೆಯ ಆಕ್ಷೇಪ. ಇದನ್ನು ಹಗುರಾಗಿ ತೆಗೆದುಕೊಳ್ಳುವವನು ನಾನಲ್ಲ. ಕಡಿದ ಕಬ್ಬು ನಿಂತಷ್ಟೂ ತೂಕ ಇಳಿಯುತ್ತದೆ, ಸಕ್ಕರೆಯ ಅಂಶವೂ ಇಳಿಯುತ್ತದೆ. ಆ ನಷ್ಟ ನೇರ ರೈತನದು. ಆದರೆ ಸಮಯದ ಲೆಕ್ಕವನ್ನೇ ಹಿಡಿಯೋಣ. ಸೆಲ್ಫ್ ಒಂದು ಸಲಕ್ಕೆ ಹತ್ತು ಸೆಕೆಂಡಿಗಿಂತ ಹೆಚ್ಚು ಹೊಡೆಯಬಾರದು, ನಡುವೆ ಒಂದು ನಿಮಿಷ ಬಿಡಬೇಕು. ಆ ಒಂದು ನಿಮಿಷ ನೋಡುವುದಕ್ಕೆ ಸಾಕು. ಬಂದ್ ಮಾಡುವ ಸ್ಟಾಪ್ ಕೇಬಲ್ ಹೊರಗೆಳೆದು ಅಲ್ಲೇ ಸಿಕ್ಕಿಕೊಂಡಿದೆಯೇ? ಟ್ಯಾಂಕಿನ ಕಾಕ್ ತೆರೆದಿದೆಯೇ? ಡೀಸೆಲ್ ತಳಕ್ಕಿಳಿದು, ಗಾಡಿ ಓರೆಯಾಗಿ ನಿಂತು ಪೈಪು ಗಾಳಿ ಹೀರಿದೆಯೇ? ಎಷ್ಟೋ ಟ್ರ್ಯಾಕ್ಟರುಗಳನ್ನು ನಿಲ್ಲಿಸುವುದು ಈ ಮೂರರಲ್ಲೇ ಒಂದು. ಎರಡನೆಯ ಹೊಡೆತದಲ್ಲಿ ಇನ್ನೊಬ್ಬರನ್ನು ಸೈಲೆನ್ಸರ್ ಕಡೆ ನಿಲ್ಲಿಸಿ. ಬಿಳಿ ಹೊಗೆ ಬಂದರೆ ಡೀಸೆಲ್ ಸಿಲಿಂಡರಿಗೆ ತಲುಪಿದೆ, ಉರಿಯಲು ಕಾವು ಸಾಲುತ್ತಿಲ್ಲ; ದೋಷ ಬ್ಯಾಟರಿಯಲ್ಲೋ ರಿಂಗಿನಲ್ಲೋ ಚಳಿಯಲ್ಲೋ ಇದೆ. ಹೊಗೆಯೇ ಇಲ್ಲದಿದ್ದರೆ ಡೀಸೆಲ್ ತಲುಪಿಲ್ಲ. ಸೆಲ್ಫ್ ಎಷ್ಟು ಹೊಡೆದರೂ ವ್ಯರ್ಥ, ಫಿಲ್ಟರಿನ ಬಳಿ ಹೋಗಬೇಕು. ಅಲ್ಲಿ ಏರ್ ತೆಗೆಯುವ ಸ್ಕ್ರೂವನ್ನು ಒಂದೆರಡು ಸುತ್ತು ಸಡಿಲಿಸಿ ಕೈಪಂಪು ಒತ್ತಿದರೆ ಮೊದಲು ಬುಸ್ ಎಂದು ನೊರೆ, ಆಮೇಲೆ ಗುಳ್ಳೆ ಗುಳ್ಳೆಯಾಗಿ ಡೀಸೆಲ್, ಕೊನೆಗೆ ಒಂದೂ ಗುಳ್ಳೆಯಿಲ್ಲದ ತಿಳಿ ಧಾರೆ. ಸ್ಕ್ರೂ ಬಿಗಿಯಬೇಕಾದದ್ದು ಆ ಧಾರೆ ಇನ್ನೂ ಹರಿಯುತ್ತಿರುವಾಗಲೇ. ಗುಳ್ಳೆ ನಿಲ್ಲದೇ ಬರುತ್ತಿದ್ದರೆ ಟ್ಯಾಂಕಿನಿಂದ ಇಲ್ಲಿಯವರೆಗಿನ ಪೈಪಿನಲ್ಲಿ ಎಲ್ಲೋ ಸೀಳು, ಸಡಿಲ ವಾಷರ್ ಇದೆ. ಇಷ್ಟಕ್ಕೆಲ್ಲ ಸೇರಿ ಹದಿನೈದು ನಿಮಿಷ. ಬ್ಯಾಟರಿ ಸತ್ತ ಮೇಲೆ ಇನ್ನೊಂದು ಬ್ಯಾಟರಿಯನ್ನೋ ಎಳೆಯಲು ಇನ್ನೊಂದು ಗಾಡಿಯನ್ನೋ ಹುಡುಕಲು ಹೋಗುವ ಸಮಯದ ಪಕ್ಕದಲ್ಲಿ ಇದನ್ನಿಟ್ಟು ನೋಡಿ.

‘ಎರಡನೆಯ ಸಲಕ್ಕೋ ಮೂರನೆಯ ಸಲಕ್ಕೋ ಹತ್ತಿಕೊಳ್ಳುವುದೂ ಉಂಟಲ್ಲ’ ಎನ್ನುವವರಿಗೂ ಉತ್ತರ ಕೊಡಬೇಕು. ಹೌದು, ಹತ್ತಿಕೊಳ್ಳುತ್ತದೆ. ಮೊದಲ ಹೊಡೆತ ಸಿಲಿಂಡರನ್ನು ಸ್ವಲ್ಪ ಬೆಚ್ಚಗಾಗಿಸುತ್ತದೆ, ಎಣ್ಣೆಯನ್ನು ಸವರುತ್ತದೆ, ಡೀಸೆಲ್ಲನ್ನು ಮುಂದೆ ತಳ್ಳುತ್ತದೆ. ಆದ್ದರಿಂದ ಎರಡನೆಯ ಹೊಡೆತಕ್ಕೆ ನ್ಯಾಯವಿದೆ, ಬಿಡುವು ಕೊಟ್ಟು ಹೊಡೆದ ಮೂರನೆಯದಕ್ಕೂ ಇದೆ ಎನ್ನೋಣ. ಅದರಾಚೆಗಿನದಕ್ಕೆ ಇಲ್ಲ, ಏಕೆಂದರೆ ಆ ಹೊತ್ತಿಗೆ ಬ್ಯಾಟರಿಯಲ್ಲಿ ಕಳೆದುಕೊಳ್ಳುವುದು ಸಿಲಿಂಡರಿನಲ್ಲಿ ಗಳಿಸುವುದಕ್ಕಿಂತ ಹೆಚ್ಚಾಗಿರುತ್ತದೆ. ಕೆಲವರು ಗಾಡಿಯನ್ನು ಇಳಿಜಾರಿನಲ್ಲಿ ನಿಲ್ಲಿಸಿ, ಬೆಳಿಗ್ಗೆ ಉರುಳಿಸಿ ಗೇರ್ ಬಿಟ್ಟು ಚಾಲೂ ಮಾಡುತ್ತಾರೆ. ಇಳಿಜಾರಿಲ್ಲದ ಕಡೆ ಧಕ್ಕಾ ಹಾಕುತ್ತಾರೆ. ಅದು ಕೆಲಸ ಮಾಡುತ್ತದೆ, ನಾನು ಅಲ್ಲಗಳೆಯುವುದಿಲ್ಲ. ಆದರೆ ಅದರಿಂದ ಏನು ಸಿದ್ಧವಾಯಿತು ನೋಡಿ: ಬೇರೆ ಬಲದಿಂದ ಚುರುಕಾಗಿ ತಿರುಗಿಸಿದ ಕೂಡಲೇ ಹತ್ತಿಕೊಂಡಿತು ಎಂದರೆ ಡೀಸೆಲ್ ಸರಿಯಿದೆ, ಒತ್ತಡವೂ ಇದೆ, ತಪ್ಪು ಬ್ಯಾಟರಿಯದೋ ಸೆಲ್ಫಿನದೋ ಟರ್ಮಿನಲ್ಲಿನದೋ. ಧಕ್ಕಾ ಒಂದು ಪರೀಕ್ಷೆ. ಅದರ ಉತ್ತರವನ್ನು ಓದದೆ ತಿಂಗಳುಗಟ್ಟಲೆ ಇಳಿಜಾರು ಹುಡುಕುತ್ತ ಓಡಾಡುತ್ತೇವೆ. ಕಬ್ಬು ತುಂಬಿದ ಟ್ರೇಲರ್ ಹಿಂದೆ ಕಟ್ಟಿಕೊಂಡು ಎಂಜಿನ್ ಬಂದಾಗಿರುವಾಗ ಇಳಿಜಾರಿನಲ್ಲಿ ಉರುಳಿಸುವುದು ಎಷ್ಟು ಅಪಾಯ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಗಾಳಿಯ ಬಾಯಿಗೆ ಪೆಟ್ರೋಲ್ ಅದ್ದಿದ ಬಟ್ಟೆ ಹಿಡಿಯುವುದು, ಉರಿಯುವ ಚಿಂದಿ ಹಿಡಿಯುವುದು ಇವಂತೂ ಬೇಡವೇ ಬೇಡ. ಪೆಟ್ರೋಲಿನ ಆವಿ ಪಿಸ್ಟನ್ ಮೇಲೇರುತ್ತಿರುವಾಗಲೇ ಸಿಡಿದು ರಿಂಗ್ ಕೂರುವ ತೋಡಿನ ಅಂಚನ್ನು ಮುರಿಯುತ್ತದೆ, ಮತ್ತು ರಿಂಗು ಹೋದ ಎಂಜಿನ್ನಿಗೆ ಮರುದಿನ ಆ ಬಟ್ಟೆ ಇನ್ನೂ ಹೆಚ್ಚು ಬೇಕಾಗುತ್ತದೆ.

ಅನುಭವದ ಮಿಸ್ತ್ರಿಯ ಕಿವಿಯ ಮುಂದೆ ಈ ಲೆಕ್ಕಾಚಾರವೆಲ್ಲ ಏಕೆ ಎಂದು ಕೇಳುವವರೂ ಇದ್ದಾರೆ. ಆ ಕಿವಿಯ ಬಗ್ಗೆ ನನಗೆ ಪೂರ್ಣ ಗೌರವವಿದೆ. ಹೆದ್ದಾರಿಯ ಬದಿಯ ಶೆಡ್ಡುಗಳಲ್ಲಿ ಮೀಟರ್ ಇಲ್ಲದೆ ಸದ್ದಿನಿಂದಲೇ ಸಡಿಲ ಬೇರಿಂಗು, ಸೋರುವ ವಾಲ್ವ್ ಹೇಳುವ ಜಾಣ್ಮೆ ಇದೆ, ಅದು ಶಾಲೆಯಲ್ಲಿ ಸಿಗುವಂಥದ್ದಲ್ಲ. ಆದರೆ ಒಳ್ಳೆಯ ಮಿಸ್ತ್ರಿ ಕೆಲಸ ಮಾಡುವುದನ್ನು ಗಮನಿಸಿದರೆ ಅವನು ಹೊಡೆಯುವ ಸೆಲ್ಫ್ ಬಹಳ ಕಡಿಮೆ. ಒಂದು ಸಲ ಹೊಡೆಸಿ, ಕೈ ಎತ್ತಿ ‘ಸಾಕ್’ ಎನ್ನುತ್ತಾನೆ. ಆಮೇಲೆ ಸುಮ್ಮನೆ ನಿಂತು ಯೋಚಿಸುತ್ತಾನೆ, ಆಮೇಲೆ ಪಾನಾ ತೆಗೆದುಕೊಳ್ಳುತ್ತಾನೆ. ನಾನು ಇಷ್ಟು ಹೊತ್ತು ವಾದಿಸಿದ್ದನ್ನು ಅವನ ಕೈ ಮಾಡಿ ತೋರಿಸುತ್ತಿರುತ್ತದೆ. ಈಗಿನ ಗಾಡಿಗಳಲ್ಲಿ ಕಂಪ್ಯೂಟರ್ ಬಂದಿದೆ, ದೋಷದ ಸಂಖ್ಯೆಯನ್ನು ಅದೇ ಹೇಳುತ್ತದೆ ಎಂಬ ಮಾತೂ ಪೂರ್ತಿ ನಿಲ್ಲುವುದಿಲ್ಲ. ಬ್ಯಾಟರಿ ಕುಸಿದಾಗ ಆ ಕಂಪ್ಯೂಟರಿಗೂ ವೋಲ್ಟ್ ಸಾಲದೆ ಸಂಬಂಧವಿಲ್ಲದ ದೋಷಗಳನ್ನು ಬರೆದಿಟ್ಟುಕೊಳ್ಳುವುದುಂಟು. ಮತ್ತು ಈ ನೆಲದಲ್ಲಿ ದುಡಿಯುತ್ತಿರುವ ಟ್ರ್ಯಾಕ್ಟರುಗಳಲ್ಲಿ, ಪಂಪ್‌ಸೆಟ್ಟುಗಳಲ್ಲಿ ಕಂಪ್ಯೂಟರ್ ಇಲ್ಲದವು ಇನ್ನೂ ಬೇಕಾದಷ್ಟಿವೆ.

ಹಾಗಾಗಿ ಹೊಳೆಯ ಸೇತುವೆಯ ಮೇಲೋ ಹೊಲದ ಬದುವಿನಲ್ಲೋ ಗಾಡಿ ನಿಂತು, ಮೂರು ಹೊಡೆತ ಮುಗಿದು, ಮಿಸ್ತ್ರಿಗೆ ಫೋನ್ ಮಾಡಬೇಕಾಗಿ ಬಂದಾಗ ‘ಚಾಲೂ ಆಗವಲ್ದು, ಲಗೂನ ಬಾ’ ಎಂದಷ್ಟೇ ಹೇಳಬೇಡಿ. ಸೆಲ್ಫ್ ಗಟ್ಟಿಯಾಗಿ ತಿರುಗಿತೋ, ನರಳಿತೋ, ಬರೀ ‘ಟಿಕ್’ ಎಂದಿತೋ ಹೇಳಿ. ಹೊಗೆ ಬಂತೋ ಇಲ್ಲವೋ, ಬಂದಿದ್ದರೆ ಯಾವ ಬಣ್ಣ ಹೇಳಿ. ಕಡೆಯ ಸಲ ಎಷ್ಟು ಹೊತ್ತು ಓಡಿತ್ತು, ಹೇಗೆ ಬಂದ್ ಮಾಡಿದಿರಿ ಹೇಳಿ. ಅಷ್ಟು ಕೇಳಿಸಿಕೊಂಡರೆ ಅವನು ಹೊರಡುವಾಗ ಗಾಡಿಯಲ್ಲಿ ಬ್ಯಾಟರಿ ಇಟ್ಟುಕೊಳ್ಳಬೇಕೋ, ಡೀಸೆಲ್ ಪೈಪು ಮತ್ತು ವಾಷರ್ ಇಟ್ಟುಕೊಳ್ಳಬೇಕೋ, ಒತ್ತಡದ ಗೇಜು ಇಟ್ಟುಕೊಳ್ಳಬೇಕೋ ಎಂಬುದು ಗ್ಯಾರೇಜಿನಲ್ಲೇ ತೀರ್ಮಾನವಾಗುತ್ತದೆ.